ಮಾವನ ಭಾನುವಾರದ ತಪಾಸಣೆ

ನಮ್ಮ ಮಾವ ಕಳ್ಳರಲ್ಲ. ಆದರೆ ಕಳ್ಳನ ಹಾಗೆ ಯೋಚಿಸುವುದಕ್ಕೆ ಮುಂಬಯಿಯ ಪರೇಲಿನ ಒಂದು ಆಫೀಸು ಅವರಿಗೆ ತಿಂಗಳು ತಿಂಗಳು ಸಂಬಳ ಕೊಡುತ್ತದೆ! ಅಮ್ಮನ ತಮ್ಮ, ಮನೆ ಚೆಂಬೂರು, ಕೆಲಸ… ಇಲ್ಲಿಗೆ ಬಂದ ಕೂಡಲೇ ನನ್ನ ನಾಲಗೆ ತೊಡರುತ್ತದೆ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ “ಕಂಪ್ಯೂಟರ್” ಎಂದು ಹೇಳಿ ಜಿಲೇಬಿಯ ಕಡೆ ತಿರುಗಿಬಿಡುತ್ತೇನೆ.

ಒಮ್ಮೆ ಧೈರ್ಯ ಮಾಡಿ ಅವರನ್ನೇ ಕೇಳಿದೆ.

“ಕಂಪೆನಿಯ ಲೆಕ್ಕ, ಗಿರಾಕಿಗಳ ಹೆಸರು ಎಲ್ಲ ಡೇಟಾಬೇಸ್‌ನಲ್ಲಿ ಉಂಟು. ಡೇಟಾಬೇಸ್ ಕ್ಲೌಡ್‌ನಲ್ಲಿ ಉಂಟು. ಅದು ಭದ್ರ ಉಂಟಾ ಅಂತ ನಾನು ನೋಡುವುದು.”

“ಕ್ಲೌಡ್ ಎಲ್ಲಿ ಉಂಟು?”

“ಬೇರೆ ಯಾರದ್ದೋ ಬಿಲ್ಡಿಂಗಿನಲ್ಲಿ.”

“ಹಾಗಾದ್ರೆ ನೀವು ನೋಡುವುದು ಹೇಗೆ?”

“ಇಲ್ಲಿಂದ ಆರ್ಡರ್ ಕೊಡ್ತೇನೆ. ಅದು ಒಳಗೆ ಹೋಗಿ ನೋಡಿ ರಿಪೋರ್ಟ್ ತರ್ತದೆ. ಯಾರಿಗೆ ಬೇಕಾದ್ದಕ್ಕಿಂತ ಹೆಚ್ಚು ಅಧಿಕಾರ ಉಂಟು, ಯಾರು ಪಾಸ್‌ವರ್ಡ್ ಬದಲಿಸ್ಲಿಲ್ಲ, ಯಾವ ಚಿಲಕ ಸಡಿಲ…”

“ಸಡಿಲ ಇದ್ರೆ ಅದೇ ಬಿಗಿ ಮಾಡ್ತದಾ?”

“ಇಲ್ಲ ಮಾರಾಯ್ತಿ. ನೋಡುವುದು ಮಾತ್ರ.”

ನೋಡುವುದು ಮಾತ್ರ! ಹಾಗಾದರೆ ನಮ್ಮ ಬಿಲ್ಡಿಂಗಿನ ವಾಚ್‌ಮನ್ನಿಗೂ ಇವರಿಗೂ ಏನು ವ್ಯತ್ಯಾಸ? ವಾಚ್‌ಮನ್ ಕನಿಷ್ಠ ಶಿಳ್ಳೆಯಾದರೂ ಹಾಕುತ್ತಾನೆ.

ಮಾವ ಮೌಸ್ ಮುಟ್ಟುವುದಿಲ್ಲ. ಅವರದೇನಿದ್ದರೂ ಕಪ್ಪು ಪರದೆ, ಬಿಳಿ ಅಕ್ಷರ. ಮೊದಲು ಆದೇಶ, ಆಮೇಲೆ ಎರಡೆರಡು ಗೀಟು ಎಳೆದು ಒಂದೊಂದೇ ಷರತ್ತು. ಯಾವ ಡೇಟಾಬೇಸ್, ಯಾವ ಹೆಸರು, ಮುಗಿಯುವ ತನಕ ಕಾಯಬೇಕೇ ಬೇಡವೇ. “ಮೌಸ್ ಒತ್ತುವವನಿಗೆ ನಿನ್ನೆ ಎಲ್ಲಿ ಒತ್ತಿದೆ ಅಂತ ನೆನಪಿರುದಿಲ್ಲ. ಟೈಪ್ ಮಾಡಿದ್ದು ಹಾಗಲ್ಲ. ಮೇಲಿನ ಬಾಣ ಒತ್ತಿದ್ರೆ ನಿನ್ನೆಯದ್ದು ಅಕ್ಷರ ತಪ್ಪದೆ ವಾಪಸ್ ಬರ್ತದೆ,” ಎನ್ನುತ್ತಾರೆ. ನನ್ನ ತಲೆಯಲ್ಲಿ ಅಂಥ ಬಾಣ ಇಲ್ಲ. ಮುಂದೆ ಹೇಳುವುದರಲ್ಲಿ ಎರಡು ಭಾನುವಾರಗಳು ಸೇರಿ ಒಂದಾಗಿರಬಹುದು, ಒಂದು ಒಡೆದು ಎರಡಾಗಿರಬಹುದು.

ಬೈಕುಲ್ಲಾದ ಹಳೆಯ ಉಡುಪಿ ಹೋಟೆಲಿಗೆ ನನ್ನನ್ನೂ ಅಜ್ಜನನ್ನೂ ಅವರು ಕರೆದುಕೊಂಡು ಹೋಗಿದ್ದಂತೂ ನಿಜ. ಅಜ್ಜ ಎಂದರೆ ಮಾವನ ಅಪ್ಪ. ದುಡಿಯುವ ಕಾಲವನ್ನೆಲ್ಲ ಅದೇ ಹೋಟೆಲಿನಲ್ಲಿ ಸಪ್ಲಾಯರ್ ಆಗಿ ಕಳೆದವರು. ವೇಟರ್ ಬಂದು ನಿಂತ. ಮಾವ ಕಣ್ಣು ಮುಚ್ಚಿ ಶುರು ಮಾಡಿದರು:

“ಇಡ್ಲಿ. ಸಂಖ್ಯೆ ಎರಡು. ಸಾಂಬಾರ್ ಅಲಗ್. ಚಟ್ನಿ ಬೇಡ. ಕಾಯ್ತೇನೆ.”

“ಸಾಹೇಬ್ರೇ, ಟೆಲಿಗ್ರಾಮ್ ಬಂದ್ ಆಗಿ ಎಷ್ಟು ವರ್ಷ ಆಯ್ತು ಗೊತ್ತುಂಟಾ?” ಎಂದ ವೇಟರ್. ಎಂದವನೇ ಅಡುಗೆಮನೆಯ ಕಡೆ ತಿರುಗಿ ತಾನೇ ಒಂದು ಟೆಲಿಗ್ರಾಮ್ ಬಿಟ್ಟ: “ದೋ ಇಡ್ಲೀ, ಸಾಂಬಾರ್ ಅಲಗ್, ಚಟ್ನಿ ಕಟ್!” ಒಳಗಿನಿಂದ ಅದೇ ಮಾತು ಮರುದನಿಯಾಗಿ ಬಂತು.

ಮಾವ ಹಿಗ್ಗಿದರು. “ಕೇಳಿದ್ಯಾ? ಇದೇ ನನ್ನ ಕೆಲಸ. ಆದೇಶ, ಷರತ್ತು, ಒಳಗಿಂದ ಉತ್ತರ. ಅಪ್ಪಯ್ಯ ನನಗಿಂತ ಮೊದಲೇ ಮಾಡಿದ್ದಾರೆ.”

“ನಾನು ಇಡ್ಲಿ ತಂದು ಕೊಡ್ತಿದ್ದೆ,” ಎಂದರು ಅಜ್ಜ. “ನೀನು ಒಳಗೆ ಇಡ್ಲಿ ಉಂಟಾ ಅಂತ ನೋಡಿ ಬರ್ತಿ. ಅಷ್ಟೇ!”

ತಟ್ಟೆ ಬಂತು. ಅಂಚಿನಲ್ಲಿ ಒಂದು ಚಮಚ ಚಟ್ನಿ ಕೂತಿತ್ತು. ಚಿಕ್ಕಂದಿನಿಂದಲೂ ಮಾವನಿಗೆ ತೆಂಗಿನಕಾಯಿ ಚಟ್ನಿ ಕಂಡರೆ ಆಗುವುದಿಲ್ಲ. ಉಡುಪಿಯವರು, ಹೋಟೆಲಿನವರ ಮಗ, ಚಟ್ನಿ ತಿನ್ನುವುದಿಲ್ಲ! ಊರಿನಲ್ಲಿ ಗೊತ್ತಾದರೆ ರೇಷನ್ ಕಾರ್ಡಿನಿಂದ ಹೆಸರು ತೆಗೆದಾರು. “ವ್ಯತ್ಯಾಸ ಉಂಟು,” ಎಂದು ಮಾವ ತಟ್ಟೆಯನ್ನು ವಾಪಸ್ ತಳ್ಳಿದರು.

ಈ ‘ವ್ಯತ್ಯಾಸ’ ಅವರ ಕಸುಬಿನ ಮಾತು. ಮೊದಲ ಒಳ್ಳೆಯ ವರದಿಗೆ ಬೇಸ್‌ಲೈನ್ ಎಂದು ಗುರುತು ಹಾಕಿಡುತ್ತಾರಂತೆ. ಆಮೇಲೆ ಬಂದ ಪ್ರತಿ ವರದಿಯನ್ನೂ ಅದರ ಪಕ್ಕದಲ್ಲಿಟ್ಟು ನೋಡುವುದು. ಏನೂ ಬದಲಾಗಿಲ್ಲವೇ? ವ್ಯತ್ಯಾಸ ಇಲ್ಲ, ಮಾವನಿಗೆ ನಿದ್ದೆ ಬರುತ್ತದೆ. ಹಳೆಯ ಸ್ಥಿತಿ ಇನ್ನು ಬರುವುದೇ ಇಲ್ಲ ಎಂದಾದರೆ ಬೇಸ್‌ಲೈನನ್ನೇ ಬದಲಿಸಿ ಸುಮ್ಮನಾಗುವುದೂ ಉಂಟು. ಆದರೆ ಮಾವ ಎಂದೂ ಬದಲಿಸಿದವರಲ್ಲ. ಅದು ಸೋಲು ಎಂದು ಅವರ ಮತ.

ಪ್ರತಿ ವಾರ ಆದೇಶ ಕೊಡಬೇಕಾಗಿಯೂ ಇಲ್ಲ, ಒಮ್ಮೆ ಹೇಳಿಟ್ಟರೆ ತಾನಾಗಿ ನಡೆಯುತ್ತದೆ. ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ ಎಂದು ಐದು ಮನೆಗಳು; ಯಾವುದಾದರೂ ಆಗಬಹುದು ಎನ್ನುವ ಮನೆಗೆ ಒಂದು ನಕ್ಷತ್ರದ ಗುರುತು. ಅತ್ತೆ ಒಮ್ಮೆ ಬಗ್ಗಿ ನೋಡಿ, “ಇದು ಪಂಚಾಂಗ ಅಲ್ವಾ? ರಾಹುಕಾಲ ಎಲ್ಲಿ ಬರಿಯುದು?” ಎಂದರು.

“ಬ್ಯಾಕಪ್ ನಡೆಯುವ ಹೊತ್ತು ಬಿಡ್ಬೇಕು. ಅದೇ ರಾಹುಕಾಲ,” ಎಂದರು ಮಾವ. ತಮಾಷೆಯೋ ನಿಜವೋ ನನಗೆ ಇಂದಿಗೂ ತಿಳಿಯದು.

ಆಫೀಸಿನ ಈ ಚಟ ಮನೆಗೂ ಬಂತು. ಭಾನುವಾರ ಮನೆಯ ತಪಾಸಣೆ! “ಅಡುಗೆಮನೆ, ಕಪಾಟು, ಬ್ಯಾಂಕು, ಪಕ್ಕದ ಮನೆಯವರ ಚಾವಿ. ಎಲ್ಲ ನಿನ್ನ ಕೈಯಲ್ಲೇ ಉಂಟು. ಅಧಿಕಾರ ಜಾಸ್ತಿ ಆಯ್ತು. ಹೈ ರಿಸ್ಕ್!” ಎಂದು ಅತ್ತೆಗೆ ವರದಿ ಒಪ್ಪಿಸಿದರು.

“ಹೌದಾ? ಅಡುಗೆಮನೆಯದ್ದು ಈಗಲೇ ವಾಪಸ್ ತಕ್ಕೊಳ್ಳಿ. ಮಧ್ಯಾಹ್ನಕ್ಕೆ ಸಾರು ನಿಮ್ಮದು.”

ಅತ್ತೆಯ ರಿಸ್ಕ್ ಅಲ್ಲೇ ‘ಲೋ’ಗೆ ಇಳಿಯಿತು.

ಇಷ್ಟರಲ್ಲಿ ಅಜ್ಜ, ಒಂದು ಬೆಳಿಗ್ಗೆ ಬಾಳೆಹಣ್ಣು ತರಲು ಚೆಂಬೂರಿನ ಮನೆಯಿಂದ ಕೆಳಗಿಳಿದವರು, ಬೈಕುಲ್ಲಾದ ಹೋಟೆಲಿನಲ್ಲಿ ಸಿಕ್ಕಿದರು. ಮೇಜು ಒರೆಸುತ್ತಿದ್ದರಂತೆ. ಡಾಕ್ಟರು ಮರೆವಿನ ಕಾಯಿಲೆ ಎಂದರು. ನಿಧಾನ ಮಾಡಬಹುದು, ನಿಲ್ಲಿಸಲಾಗದು ಎಂದರು. ನಾವೆಲ್ಲ ನಮಗೆ ಬಂದದ್ದನ್ನು ಮಾಡಿದೆವು. ಅಮ್ಮ ಹರಕೆ ಹೇಳಿಕೊಂಡಳು. ಮಾವ ಶೆಡ್ಯೂಲ್ ಹಾಕಿದರು.

ಭಾನುವಾರ ಚಹಾ ಆದ ಮೇಲೆ ಅಜ್ಜನಿಗೆ ಅವೇ ಪ್ರಶ್ನೆಗಳು, ಅವೇ ಶಬ್ದಗಳಲ್ಲಿ. ಇವತ್ತು ಯಾವ ವಾರ? ಇದು ಯಾವ ಊರು? ನಾನು ಯಾರು?

ಮೊದಲ ಸಲ ಅಜ್ಜ, “ಆದಿತ್ಯವಾರ. ಚೆಂಬೂರು,” ಎಂದರು. ಮೂರನೆಯದಕ್ಕೆ ಮಾತ್ರ ಸಿಟ್ಟು ಬಂತು. “ನಿನಗೇ ಗೊತ್ತಿಲ್ವಾ? ಹಾಗಾದ್ರೆ ನಿನ್ನನ್ನು ಕೆಲಸಕ್ಕಿಟ್ಟವನ ಗತಿ ಎಂತ!” ಮಾವ ಅದನ್ನು ಸರಿಯುತ್ತರ ಎಂದೇ ಒಪ್ಪಿಕೊಂಡರು. ಅದೇ ಬೇಸ್‌ಲೈನ್.

ಆಮೇಲೆ ವ್ಯತ್ಯಾಸಗಳು ಬರತೊಡಗಿದವು. ವಾರ ಮೊದಲು ಹೋಯಿತು. ಚೆಂಬೂರು ಬೈಕುಲ್ಲಾ ಆಯಿತು, ಬೈಕುಲ್ಲಾ ಉಡುಪಿ ಆಯಿತು. ನೆಟ್‌ವರ್ಕ್ ಸರಿಯಿಲ್ಲದವರ ಹಾಗೆ ಮಾವ ಅದೇ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಕೇಳುತ್ತಿದ್ದರು. ಅಜ್ಜ ಗಾಬರಿಯಿಂದ ನಮ್ಮೆಲ್ಲರ ಮುಖ ನೋಡುತ್ತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ.

“ಅವರೆಂತ ಡೇಟಾಬೇಸಾ? ನೋಡಿದ್ರೆ ಗುಣ ಆಗ್ತದಾ?”

“ಹಾಗಂತ ನೋಡದೆ ಇರ್ಲಿಕ್ಕೆ ಆಗ್ತದಾ?” ಎಂದರು ಮಾವ. ಅವರ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅಂದೇ ಕೇಳಿದ್ದು. ಉಳಿದಿದ್ದದ್ದು ಮೂರನೆಯ ಪ್ರಶ್ನೆ ಒಂದೇ. ಅದಕ್ಕೆ ಮಾತ್ರ ಅಜ್ಜ ಇನ್ನೂ “ನನ್ನ ಮಗ” ಎನ್ನುತ್ತಿದ್ದರು. ಮಾವ ಅದನ್ನು ಕೇಳುವುದಕ್ಕೇ ಹೆದರತೊಡಗಿದರು. ಲೋಟ ಎತ್ತಿಡುವರು, ಕನ್ನಡಕ ಒರೆಸುವರು, ಪಂಪ್ ಹಾಕಿದ್ದಾರಾ ಎಂದು ವಿಚಾರಿಸುವರು, ಕೊನೆಗೆ ಕೇಳುವರು.

ಆ ಭಾನುವಾರ ಫ್ಯಾನ್ ನಿಂತಿತ್ತು ಎಂದು ನನ್ನ ನೆನಪು. ತಿರುಗುತ್ತಿತ್ತು ಎಂದು ಅತ್ತೆಯ ವಾದ.

“ನಾನು ಯಾರು?”

ಅಜ್ಜ ಅವರ ಮುಖ ನೋಡಿದರು. ಆಮೇಲೆ ಎದ್ದರು. ಹೆಗಲ ಮೇಲಿನ ಬೈರಾಸು ತೆಗೆದು ಮಾವನ ಮುಂದಿನ ಮೇಜನ್ನು ಮೂಲೆಯ ತನಕ ಒರೆಸಿದರು.

“ಕೂತ್ಕೊಳ್ಳಿ. ಎಂತ ಕೊಡ್ಲಿ?”

ಮಗನಿಗೆ ಬಹುವಚನ! ಮಾವನ ಬೆರಳುಗಳು ಮೇಜಿನ ಮೇಲೆ ಏನನ್ನೋ ಹುಡುಕಿದವು. ಆ ಬಾಣದ ಗುಂಡಿಯನ್ನೇ ಹುಡುಕಿರಬೇಕು ಎಂದು ನಾನು ಆಮೇಲೆ ಅಂದುಕೊಂಡದ್ದು. ಕೊನೆಗೆ ಕಣ್ಣು ಮುಚ್ಚಿದರು.

“ಇಡ್ಲಿ. ಸಂಖ್ಯೆ ಎರಡು. ಸಾಂಬಾರ್ ಅಲಗ್. ಚಟ್ನಿ ಬೇಡ.” ಕಣ್ಣು ತೆರೆದು, “ಕಾಯ್ತೇನೆ,” ಎಂದರು.

ಅಜ್ಜ ಅಡುಗೆಮನೆಯ ಕಡೆ ತಿರುಗಿದರು. ತಿಂಗಳುಗಳಿಂದ ಎಲ್ಲಿ ಅಡಗಿತ್ತೋ ಆ ಕಂಠ! “ದೋ ಇಡ್ಲೀ! ಸಾಂಬಾರ್ ಅಲಗ್! ಚಟ್ನಿ ಡಬಲ್!”

ಒಳಗೆ ತಿಂಡಿಗೆ ಇಡ್ಲಿ ಇಳಿಸುತ್ತಿದ್ದ ಪಾತ್ರೆಯ ಸದ್ದು ನಿಂತಿತು. ಮತ್ತೆ ಅತ್ತೆಯ ದನಿ: “ದೋ ಇಡ್ಲೀ… ಚಟ್ನಿ ಡಬಲ್!”

ಅಜ್ಜನೇ ತಟ್ಟೆ ತಂದಿಟ್ಟರು. ಇಡ್ಲಿ ಕಾಣಿಸದಷ್ಟು ಚಟ್ನಿ. ಬೈರಾಸು ಹೆಗಲಿಗೇರಿಸಿ ಪಕ್ಕದಲ್ಲೇ ನಿಂತು, “ಸರಿ ಉಂಟಾ?” ಎಂದು ಕೇಳಿದರು. ಮಾವ ಈಗ ತಟ್ಟೆ ತಳ್ಳುತ್ತಾರೆ ಎಂದುಕೊಂಡೆ. ಮಾವ ಒಂದು ತುಂಡು ಇಡ್ಲಿ ಮುರಿದರು. ಚಟ್ನಿಯಲ್ಲಿ ಅದ್ದಿದರು. ತಿಂದರು. ಇನ್ನೊಂದು ಅದ್ದಿದರು.

“ನೀವು ದಿನಾ ಬರುವವರಲ್ವಾ? ನೋಡಿದ ಹಾಗುಂಟು,” ಎಂದರು ಅಜ್ಜ.

“ಹೌದು. ದಿನಾ ಬರ್ತೇನೆ.”

ಅಜ್ಜ ನೀರು ತರಲು ಒಳಗೆ ಹೋದಾಗ ನಾನು ಮೆಲ್ಲಗೆ ಕೇಳಿದೆ, “ಮಾವ, ಇವತ್ತಿನ ರಿಪೋರ್ಟ್?”

“ಬೇಸ್‌ಲೈನ್ ಬದಲಿಸಿದೆ,” ಎಂದರು ಮಾವ. “ಇನ್ನು ಇವತ್ತಿನ ಅಪ್ಪಯ್ಯನೇ ಬೇಸ್‌ಲೈನ್.”

“ಹಾಗಾದ್ರೆ?”

ಅವರು ತಟ್ಟೆಯ ಅಂಚಿನ ಚಟ್ನಿಯನ್ನು ಬೆರಳಿನಿಂದ ಬಳಿದುಕೊಂಡರು.

“ವ್ಯತ್ಯಾಸ ಇಲ್ಲ.”