ಹೇಮಶ್ರೀ ಮಿಸ್ಸನ್ನು ನಮ್ಮ ಶಾಲೆಗೆ ಬಿಟ್ಟುಕೊಡುವ ಬಗ್ಗೆ

ಮಾಜಿ ಶಾಸಕರೂ ಹಾಲಿ ಶಿಕ್ಷಣ ಸುಧಾರಕರೂ ಆದ ಶ್ರೀ ವಿಶ್ವಾರಾಧ್ಯ ಅವರ ಸನ್ನಿಧಾನಕ್ಕೆ, ಅಜ್ಜಂಪುರ ಕಡೆಯ ಸಣ್ಣ ಹಳ್ಳಿಯೊಂದರಿಂದ ಕಲ್ಲಮ್ಮ ಮಾಡುವ ಶರಣು ಶರಣಾರ್ಥಿ.

ಮಾನ್ಯರೇ,

ವೀರಭದ್ರಸ್ವಾಮಿ ದಯದಿಂದ ನಾವೆಲ್ಲ ಕ್ಷೇಮ. ತಾವು ಕ್ಷೇಮವೆಂಬುದು ಬಸ್ ಸ್ಟ್ಯಾಂಡಿನ ಫ್ಲೆಕ್ಸ್ ನೋಡಿದರೇ ತಿಳಿಯುತ್ತದೆ.

ಚುನಾವಣೆ ಸೋತವರು ತೋಟ ನೋಡಿಕೊಳ್ಳುತ್ತಾರೆ, ಇಲ್ಲವೇ ಪಕ್ಷ ಬದಲಾಯಿಸುತ್ತಾರೆ. ತಾವು ಎರಡೂ ಮಾಡದೆ ಸರ್ಕಾರಿ ಶಾಲೆ ಉಳಿಸಲು ಹೊರಟದ್ದು ದೊಡ್ಡತನ. ಕಡೂರಿನ ಸಭೆಯಲ್ಲಿ ‘ಶಿಕ್ಷಕರಿಲ್ಲದ ಶಾಲೆ ದೇವರಿಲ್ಲದ ಗುಡಿ’ ಎಂದು ತಾವು ಹೇಳಿದಾಗ ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅಲ್ಲಿ ಪ್ರಾರ್ಥನೆ ಹಾಡಿ, ನಿರೂಪಣೆ ಮಾಡಿ, ತಮ್ಮ ಬಿರುದುಗಳನ್ನೆಲ್ಲ ಉಸಿರು ಕಟ್ಟಿ ಓದಿದ ಹೇಮಶ್ರೀ ಮಿಸ್ ನಮ್ಮೂರ ಶಾಲೆಗೆ ಇರುವ ಒಬ್ಬರೇ ಟೀಚರು. ಕಂಠ ಚೆನ್ನಾಗಿರುವುದೇ ಅವರ ತಪ್ಪು. ‘ಎಲ್ಲ ಕಡೆಗೂ ಆ ಮಿಸ್ಸೇ ಇರಲಿ’ ಎಂದು ತಾವು ಅಂದಿರಂತೆ. ಅಂದಿನಿಂದ ತರೀಕೆರೆಯಲ್ಲಿ ಭಾಷಣವಿದ್ದರೂ, ಲಕ್ಕವಳ್ಳಿಯಲ್ಲಿ ವಿಚಾರಗೋಷ್ಠಿಯಿದ್ದರೂ ಮೇಲಿನವರಿಂದ ಫೋನು ಬರುತ್ತದೆ, ಮಿಸ್ ರೇಷ್ಮೆ ಸೀರೆ ಉಟ್ಟು ಬಸ್ ಹತ್ತುತ್ತಾರೆ, ಆ ದಿನ ನಮ್ಮ ಗುಡಿಯಲ್ಲಿ ದೇವರಿರುವುದಿಲ್ಲ.

ಮೂರನೇ ಕ್ಲಾಸಿನ ನನ್ನ ಮೊಮ್ಮಗಳು ಕೃತಿಕಾ ಇನ್ನೂ ಒತ್ತಕ್ಷರ ಬಂದಲ್ಲಿ ಎಡವುತ್ತಾಳೆ. ಗದರಿದರೆ, “ಮಿಸ್ಸು ಅದನ್ನ ಶುರು ಮಾಡಿದ್ ದಿನಾನೇ ಫೋನ್ ಬಂದ್ಬಿಡ್ತು ಕಣಜ್ಜಿ” ಅನ್ನುತ್ತಾಳೆ. ಪಕ್ಕದ ಮನೆ ತೀರ್ಥಪ್ಪನವರು, “ಇಲ್ಲಿ ಗಂಟೆ ಹೊಡೆಯೋರೂ ಇಲ್ಲ, ನಾನಂತೂ ಹುಡುಗ್ರನ್ನ ಪ್ರೈವೇಟ್ ಸ್ಕೂಲ್ ವ್ಯಾನಿಗೆ ಹತ್ತಿಸ್ತೀನಿ ಕಣಕ್ಕ” ಎಂದು ಹೇಳಿ ಹೋದರು. ಇನ್ನೆರಡು ಮನೆಯವರು ಹಾಗೇ ಮಾಡಿದರೆ ಶಾಲೆಗೆ ಬೀಗ ಬೀಳುತ್ತದೆ. ವ್ಯಾನಿಗೆ ಕಳಿಸುವ ಶಕ್ತಿ ನಮ್ಮ ಮನೆಗಿಲ್ಲ.

ತಾವು ಶಾಸಕರಾಗಿದ್ದ ಕಾಲವೇ ಚೆನ್ನಾಗಿತ್ತು. ಐದು ವರ್ಷ ನಮ್ಮೂರ ಕಡೆ ತಲೆ ಹಾಕಲಿಲ್ಲ, ಶಿಕ್ಷಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಿಸ್ ಶಾಲೆ ತಪ್ಪಿಸಲಿಲ್ಲ, ಮಕ್ಕಳು ನಿದ್ದೆಗಣ್ಣಲ್ಲೂ ಮಗ್ಗಿ ಹೇಳುತ್ತಿದ್ದವು. ತಮ್ಮಿಂದ ಶಿಕ್ಷಣಕ್ಕೆ ಆಗುತ್ತಿದ್ದ ಆ ಉಪಕಾರ ನಮಗೆ ತಿಳಿಯದೆ, ಓಟು ಹಾಕದೆ ಕೆಟ್ಟೆವು.

ಆದ್ದರಿಂದ ಹೋದ ಸೋಮವಾರ ಸ್ವಾಮಿಯ ಮುಂದೆ ಹೂವಿನ ಪ್ರಸಾದ ಕೇಳಿದೆ. ಇವರು ಮಿಸ್ಸನ್ನು ಬಿಡುತ್ತಾರಾ ಎಂದಿದ್ದಕ್ಕೆ ಹೂವು ಅಲ್ಲಾಡಲಿಲ್ಲ. ಹಾಗಾದರೆ ಇವರನ್ನು ಮತ್ತೆ ಗೆಲ್ಲಿಸಿಬಿಡೋಣವಾ ಎಂದೆ. ಬಲಗಡೆಯ ಹೂವು ತಟ್ಟನೆ ಬಿತ್ತು. “ಏನ್ ಕೇಳ್ದೆ ಕಲ್ಲಕ್ಕ, ಸ್ವಾಮಿ ಇಷ್ಟ್ ಬೇಗ ಯಾರಿಗೂ ಕೊಟ್ಟಿಲ್ಲ” ಅಂದರು ಪೂಜಾರಿ.

ದಯಮಾಡಿ ಮುಂದಿನ ಚುನಾವಣೆಗೆ ನಿಲ್ಲಿ. ಮನೆಮನೆ ತಿರುಗಿ ಓಟು ಕೇಳುವ ಕೆಲಸ ನನಗಿರಲಿ. ಅಲ್ಲಿಯವರೆಗೆ ತಮ್ಮ ಭಾಷಣಗಳನ್ನು ಭಾನುವಾರ ಇಟ್ಟುಕೊಳ್ಳಬೇಕೆಂದು ಸೆರಗೊಡ್ಡಿ ಬೇಡುವ,

ತಮ್ಮ ವಿಶ್ವಾಸಿ,
ಕಲ್ಲಮ್ಮ

ಬರೆಯದೆ ಬಿಟ್ಟಿದ್ದು: ತಮ್ಮ ಗೆಲುವಿಗೆಂದು ಸ್ವಾಮಿಗೆ ಹರಕೆ ಹೊತ್ತಿದ್ದೇನೆ. ಗೆದ್ದ ಮೇಲೆ ಅದನ್ನು ತೀರಿಸಲು ತಾವು ಇಲ್ಲಿಯವರೆಗೆ ಬರಬೇಕಾಗಿಲ್ಲ. ಹಿಂದಿನಂತೆಯೇ ನಮ್ಮೂರನ್ನು ಮರೆತುಬಿಟ್ಟರೆ ಸಾಕು, ಸ್ವಾಮಿಗೆ ಸಂದಹಾಗೆ.