ರೊಟ್ಟಿ ಅಳತೆಯ ಗಾಲಿ

ಕಾರಿಗೆಂದು ಜೋಳದ ರೊಟ್ಟಿ ಮಾಡಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಆ ಒಬ್ಬರು ನನ್ನ ಸೋದರಮಾವನೇ ಆಗಬೇಕೆ?

ಅವರ ಹಳೇ ಫಿಯೆಟ್ಟನ್ನು ಕೊಟ್ಟೂರಿನಲ್ಲಿ ಅರಿಯದವರಿರಲಿಲ್ಲ. ದುಂಡು ಮೂತಿ, ಎತ್ತರದ ಮೈ. ತೊಂಬತ್ತರ ದಶಕದಲ್ಲಿ ಊರೆಲ್ಲ ಹೊಸ ಪುಟ್ಟ ಕಾರುಗಳ ಹಿಂದೆ ಬಿದ್ದಾಗಲೂ ಮಾವ ಇದನ್ನು ಎಮ್ಮೆ ಮೀಯಿಸಿದಂತೆ ದಿನಾ ತಿಕ್ಕಿ ತೊಳೆಯುತ್ತಿದ್ದರು. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ, "ನಿಧಾನಕ್ಕ ಹಾಕಪಾ, ವಯಸ್ಸಾಗೈತಿ ಅದಕ್ಕ" ಎಂದು ಕನಿಕರಪಡುತ್ತಿದ್ದರು. ಒಂದು ಸ್ಕ್ರೂ ಬದಲಿಸಲೂ ಬಿಡುತ್ತಿರಲಿಲ್ಲ. "ಮಾಡಿದವ್ರು ಇಟ್ಟಿದ್ದದು. ತೆಗಿಯಾಕ ನಾವ್ಯಾರು?"

ಅಂಥವರು ಒಂದು ದಿನ ಹೊಸಪೇಟೆಯ ಗುಜರಿಯಿಂದ ನಾಲ್ಕು ಗಾಲಿ ಹೊತ್ತು ತಂದರು! ಯಾವುದೋ ಗಿಡ್ಡ ಕಾರಿನವು, ನಮ್ಮವಕ್ಕಿಂತ ಸಣ್ಣವು, ಬೆಳ್ಳಿ ಬಟ್ಟಲಿನಂತೆ ಹೊಳೆಯುತ್ತಿದ್ದವು. ನಾನೋ ಸಂತೆಯಲ್ಲಿ ಗೋಣಿಚೀಲದ ಮೇಲೆ ನಟ್ಟು ಬೋಲ್ಟು ಹರವಿಕೊಂಡು ಕೂತು, ಕೊಸರಾಡಿ ಮಾರಿ, ಕೊನೆಗೆ ಪಂಪ್‌ಸೆಟ್ಟಿನ ಅಂಗಡಿ ಇಟ್ಟವನು. ನನ್ನನ್ನು ಒಂದು ಮಾತು ಕೇಳದೆ ಗುಜರಿಗೆ ಹೋಗುವುದೆಂದರೇನು? ನೀವಾದರೂ ಕೇಳಿಟ್ಟುಕೊಳ್ಳಿ: ಹಳೇ ಸಾಮಾನು ಕೊಳ್ಳುವಾಗ ಹೊಳಪು ನೋಡಬೇಡಿ, ತೂತು ನೋಡಿ.

"ಮಾವಾ, ಇವು ಕೂಡಂಗಿಲ್ರಿ."

"ಯಾಕ? ಇದಕ್ಕೂ ನಾಕು ತೂತು, ನಮ್ಮದಕ್ಕೂ ನಾಕು ಬೋಲ್ಟು. ಇಷ್ಟು ಲೆಕ್ಕ ಬರಂಗಿಲ್ಲೇನಲೇ ನಿಂಗ?"

ಗಾಲಿ ಎತ್ತಿ ಹಿಡಿದು ತೋರಿಸಿದೆ. ನಾಲ್ಕೇನೋ ನಾಲ್ಕೇ, ಆದರೆ ತೂತುಗಳ ನಡುವಿನ ಅಂತರ ಬೇರೆ. ಒಂದು ಬೋಲ್ಟು ಒಳಗೆ ಹೋದರೆ ಉಳಿದ ಮೂರು, ಮುನಿಸಿಕೊಂಡ ಬೀಗರಂತೆ, ಆಚೆಗೇ ನಿಲ್ಲುತ್ತಿದ್ದವು.

"ತೂತು ಅಗಲ ಮಾಡ್ಸಿದ್ರ?"

"ಗಾಲಿ ನಿಮಗಿಂತ ಮುಂಚೇನ ಊರು ಮುಟ್ತಾವ!"

ನಡುವೆ ದಪ್ಪ ಉಕ್ಕಿನ ಬಿಲ್ಲೆ ಹಾಕಿದರಷ್ಟೇ ಆದೀತು: ಅದರಲ್ಲಿ ನಾಲ್ಕು ತೂತು ಕಾರಿನ ಅಳತೆಗೆ, ನಾಲ್ಕು ಬೋಲ್ಟು ಗಾಲಿಯ ಅಳತೆಗೆ. ಈ ಮಾತು ನನ್ನ ಬಾಯಿಂದ ಜಾರಿದ್ದೇ ತಪ್ಪಾಯಿತು. ಬಿಟ್ಟಿ ಸಲಹೆ ಕೊಡುವ ಚಟ ನನ್ನದು, ಹಿಡಿದರೆ ಬಿಡದ ಚಟ ಅವರದು!

ಲೇತ್ ಮಷಿನ್ನು ಇದ್ದದ್ದು ಹಗರಿಬೊಮ್ಮನಹಳ್ಳಿಯಲ್ಲಿ. ಬಸ್ಸಿನಲ್ಲಿ ಅಳತೆ ಒಯ್ಯಬೇಕು. ಮಾವ ಏನು ಮಾಡಿದರು ಗೊತ್ತೆ? ಅತ್ತೆ ಆಗತಾನೆ ಬಡಿದಿದ್ದ ಹಸಿ ರೊಟ್ಟಿಯನ್ನು ಮಣೆಯ ಸಮೇತ ಎತ್ತಿಕೊಂಡು ಹೋಗಿ, ಗಾಲಿ ಬಿಚ್ಚಿದ ಕಡೆ ಒತ್ತಿದರು. ಬೋಲ್ಟುಗಳ ಗುರುತು ಅಚ್ಚುಕಟ್ಟಾಗಿ ಮೂಡಿತು. ಇನ್ನೊಂದು ರೊಟ್ಟಿಗೆ ಹೊಸ ಗಾಲಿಯನ್ನು ಒತ್ತಿದರು.

"ಯಾರಿಗ್ರಿ ಈ ರೊಟ್ಟಿ?" ಅತ್ತೆ ಕೇಳಿದರು.

"ಕಾರಿಗೆ. ಖಡಕ್ಕಾಗಿ ಬೇಯಿಸು, ಬಸ್ಸಿನ್ಯಾಗ ಮುರೀಬಾರ್ದು."

ಲೇತಿನವನು ಬಿದ್ದು ಬಿದ್ದು ನಕ್ಕನಂತೆ. "ಯಜಮಾನ್ರ, ಜತಿಗೆ ಶೇಂಗಾ ಚಟ್ನಿನೂ ತರಬೇಕಿತ್ರಿ!"

ಬಿಲ್ಲೆಗಳು ಬಂದವು. ಒಂದೂ ಕೂಡಲಿಲ್ಲ! ಹಂಚಿನ ಮೇಲೆ ಬೆಂದ ರೊಟ್ಟಿ ಹಸಿ ರೊಟ್ಟಿಯಷ್ಟೇ ಇರುತ್ತದೆಯೆ? ಸೆಟೆದು ಕುಗ್ಗಿತ್ತು, ಅದರ ಜತೆ ಅಳತೆಯೂ ಕುಗ್ಗಿತ್ತು. "ನನ್ನ ಕೇಳಿದ್ರ ಹೇಳ್ತಿದ್ದೆ" ಎಂದರು ಅತ್ತೆ, ಆ ಎರಡು ರೊಟ್ಟಿಗಳನ್ನೇ ಸಾರಿಗೆ ಮುರಿದು ಹಾಕುತ್ತ. ಎರಡನೇ ಸಲ ನಾನೇ ಸರಿಯಾಗಿ ಅಳತೆ ತೆಗೆದೆ, ನಾನೇ ಹೋದೆ, ಕೆಟ್ಟ ಬಿಲ್ಲೆಗಳನ್ನು ಲೇತಿನವನಿಗೇ ವಾಪಸು ಕಟ್ಟಿ ಬಂದೆ. ಅಷ್ಟೂ ಮಾಡದಿದ್ದರೆ ವ್ಯಾಪಾರಿ ಹೇಗಾದೇನು?

ಗಾಲಿ ಕೂತವು. ಕಾರು ಮಾತ್ರ ತಗ್ಗಿ, ಮೊಟ್ಟೆಯ ಮೇಲೆ ಕಾವು ಕೂತ ಕೋಳಿಯಂತೆ ಕಾಣುತ್ತಿತ್ತು. "ಈ ವಯಸ್ಸಿನ್ಯಾಗ ಎಂಥಾ ಶೋಕಿ!" ಎಂದು ಊರು ನಕ್ಕಿತು. ಮಾವ ಎಂದಿನಂತೆ ಕಾರು ತಿಕ್ಕಿ ತೊಳೆದರು.

ನಗು ನಿಂತದ್ದು, ಆ ಗಾಲಿಗಳ ಮೇಲೆ ಅತ್ತೆಯನ್ನು ತವರೂರು ನೀಲಗುಂದಕ್ಕೆ ಕರೆದೊಯ್ಯುತ್ತೇನೆ ಎಂದು ಅವರು ಹೊರಟಾಗ. ಅತ್ತೆಯ ತಮ್ಮನ ಮೊಮ್ಮಗುವಿಗೆ ತೊಟ್ಟಿಲು ಶಾಸ್ತ್ರ. ಅಂಗಳದಲ್ಲಿ ಜಾರಿಬಿದ್ದ ಮೇಲೆ ಅತ್ತೆ ಕೋಲೂರಿ ನಡೆಯುತ್ತಿದ್ದರೂ ಕಾಲನ್ನು ಎತ್ತರಕ್ಕೆ ಎತ್ತಲಾಗುತ್ತಿರಲಿಲ್ಲ. ಹಿಂದೊಮ್ಮೆ ಮದುವೆಗೆ ಹೋಗುವಾಗ ಇಬ್ಬರು ಅವರನ್ನು ಇದೇ ಕಾರಿಗೆ ಎತ್ತಿ ಹಾಕಿದ್ದರು. "ಜೋಳದ ಚೀಲಕ್ಕಿಂತ ವಜ್ಜಿ ಅದಾಳಲೇ!" ಎಂದು ಯಾರೋ ಅಂದರು. ಅತ್ತೆಯೂ ನಕ್ಕರು. ಆದರೆ ಆಮೇಲೆ ಹೊಸ್ತಿಲು ದಾಟಲೇ ಇಲ್ಲ.

"ಜೀಪು ಮಾಡ್ಕೊಡ್ತೀನಿ ಮಾವಾ. ಹೊಸಾ ಬಿಲ್ಲಿ, ನಂಬಂಗಿಲ್ಲ. ನಟ್ಟು ಸಡ್ಲಾದ್ರ ಅತ್ತೀ ಗತಿ ಏನು?"

"ಅಂಜಿಕಿ ಇದ್ರ ನಟ್ಟು ಬಿಗಿಯೋ ಪಾನ ಹಿಡ್ಕೊಂಡು ಜತೀಲಿ ಬಾ."

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅತ್ತೆ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ನಾನೂ ದಡ್ಡನಲ್ಲ, ಹಳೇ ಗಾಲಿಗಳನ್ನು ಡಿಕ್ಕಿಗೆ ತುರುಕಿದೆ, ಅಲ್ಲಿ ಹಿಡಿಯದ್ದನ್ನು ಕಾರಿನ ನೆತ್ತಿಗೆ ಕಟ್ಟಿದೆ. ಹರಪನಹಳ್ಳಿ ದಾರಿ ಹಿಡಿದೆವು. ಪುಟ್ಟ ಗಾಲಿಯಲ್ಲವೆ, ಮೀಟರಿನ ಮುಳ್ಳು ವಿಮಾನದಂತೆ ಏರುತ್ತಿತ್ತು; ಪಕ್ಕದಲ್ಲಿ ಸೈಕಲ್ಲಿನವನು ನಮ್ಮನ್ನು ದಾಟಿ ಹೋಗುತ್ತಿದ್ದ!

ಆಗ ಶುರುವಾಯಿತು. ಟಕ್. ಟಕ್. ಹಿಂದಿನಿಂದ, ಅತ್ತೆ ಕೂತ ಬದಿಯಿಂದಲೇ. ಎದುರಿಗೆ ಮೆಕ್ಕೆಜೋಳದ ಲಾರಿ. ನಾನು ಪಾನ ಹಿಡಿದು ಬಾಗಿಲ ಹಿಡಿಗೆ ಕೈ ಹಾಕಿದೆ.

"ಮಾವಾ, ನಿಲ್ಲಿಸ್ರಿ!"

"ಏರು ಮುಗೀಲಿ."

"ಏರು ಮುಗಿಯೂಕಿಂತ ಮದ್ಲ ಗಾಲಿ ಮುಗಿತೈತಿ!"

ಲಾರಿ ಮೈ ಸವರಿದಂತೆ ಹೋಯಿತು. ಕಾರು ಬೇವಿನ ಮರದ ಕೆಳಗೆ ನಿಂತಿತು. ಪಾನ ಹಾಕಿದೆ: ಎರಡು ನಟ್ಟು ಕೊಂಚ ತಿರುಗಿದವು. ಹಳೇ ಗಾಲಿ ತೆಗೆಯಲು ಡಿಕ್ಕಿ ತೆರೆದರೆ, ಜಾಕಿನ ಸರಳು ಅವಕ್ಕೆ ತಾಗಿಕೊಂಡು ಸಡಿಲವಾಗಿ ಬಿದ್ದಿದೆ! ಟಕ್ ಟಕ್ ಅಂದದ್ದು ನನ್ನದೇ ಜಾಣತನ. ಆದರೇನು, ನಟ್ಟು ತಿರುಗಿದ್ದು ಸುಳ್ಳೆ?

"ಹಳೇ ಗಾಲಿ ಹಾಕೂಣ್ರಿ."

"ಹಾಕಾಂಗಿಲ್ಲ."

"ಅತ್ತೀ ಜೀವಕ್ಕಿಂತ ನಿಮ್ಮ ಶೋಕಿ ದೊಡ್ಡದಾ?"

ಮಾವ ಹಳೇ ಗಾಲಿಗೆ ಅಡ್ಡ ಕೈಯಿಟ್ಟರು.

"ನೀರಿನ ತಂಬಗಿ ಎಲ್ಲಿಟ್ಟೀರೋ?" ಎಂದು ಬೆನ್ನ ಹಿಂದೆ ದನಿ. ತಿರುಗಿದರೆ, ಅತ್ತೆ ಬೇವಿನ ನೆರಳಿನಲ್ಲಿ ಕೋಲೂರಿ ನಿಂತಿದ್ದಾರೆ!

"ಯಾರು ಇಳಿಸಿದ್ರಿ ನಿಮ್ಮನ್ನ?"

"ಯಾರಿಳಸ್ತಾರಪ್ಪ? ನಾನಽ ಇಳಿದೆ."

ನೀರು ಕುಡಿದು, ಕಾರಿಗೆ ಬೆನ್ನು ಕೊಟ್ಟು, ಮನೆಯ ಕಟ್ಟೆಯ ಮೇಲೆ ಕೂರುವಂತೆ ಸೀಟಿನ ಮೇಲೆ ಕೂತರು. ಆಮೇಲೆ ಕೈಯಿಂದ ಒಂದೊಂದೇ ಕಾಲನ್ನು ಒಳಗೆ ಎಳೆದುಕೊಂಡರು. ಸೀಟು ಈಗ ತಗ್ಗಿ, ಅವರ ಮನೆಯ ಕಟ್ಟೆಯಷ್ಟೇ ಎತ್ತರಕ್ಕಿತ್ತು. ಕೋಳಿ ಕೂತಂತೆ ಕೂತಿದೆ ಎಂದು ನಾವು ನಕ್ಕಿದ್ದೆವಲ್ಲ, ಅಷ್ಟೇ ಎತ್ತರಕ್ಕೆ.

ಒಂದು ಸ್ಕ್ರೂ ಬದಲಿಸಲು ಬಿಡದ ಮನುಷ್ಯ!

ನಾನು ಡಿಕ್ಕಿ ಮುಚ್ಚಿದೆ. ಕೆಳಗೆ ಕೂತು ನಾಲ್ಕೂ ಗಾಲಿಯ ನಟ್ಟುಗಳನ್ನು ಮೈಯ ಬಲವನ್ನೆಲ್ಲ ಹಾಕಿ ಬಿಗಿದೆ. ಹರಪನಹಳ್ಳಿಯಲ್ಲಿ ಮತ್ತೆ ಇಳಿದು ನೋಡಿದೆ. ಒಂದೂ ಅಲುಗಲಿಲ್ಲ.

ನೀಲಗುಂದದಲ್ಲಿ ಕಾರು ನಿಲ್ಲುತ್ತಲೇ ತವರಿನವರು ತೋಳೇರಿಸಿಕೊಂಡು ಎತ್ತಲು ಓಡಿ ಬಂದರು. ಮಾವ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು. "ಯಾರೂ ಮುಟ್ಟಬ್ಯಾಡ್ರಿ. ಆಕಿ ಬರ್ತಾಳ."

ಅತ್ತೆ ಒಂದು ಕಾಲು ಊರಿದರು, ಇನ್ನೊಂದು ಊರಿದರು, ಸೆರಗು ಸರಿಮಾಡಿಕೊಂಡು ನಡೆದರು. ಮಾವ ನನ್ನ ಕೈಯಿಂದ ಪಾನ ಕಿತ್ತುಕೊಂಡು, ಹಿಂದಿನ ಗಾಲಿಯ ಮುಂದೆ ಮುಖ ತಗ್ಗಿಸಿ ಕೂತು, ಬಿಗಿಯಾಗಿಯೇ ಇದ್ದ ನಟ್ಟನ್ನು ಎಷ್ಟೋ ಹೊತ್ತು ಬಿಗಿಯುತ್ತಲೇ ಇದ್ದರು.