ದೋಣಿ ಎತ್ತುವ ಯಂತ್ರದ ಕಡತ

ಟಿಪ್ಪಣಿ ರಾಯರಿಗೆ ದೋಣಿಯ ಮೇಲಿದ್ದ ಮಮತೆ ಹೆಂಡತಿಯ ಮೇಲಿರಲಿಲ್ಲ ಎಂದರೆ ತಪ್ಪಾಗುತ್ತದೆ. ಹೆಂಡತಿಯ ಮೇಲೂ ಇತ್ತು. ಆದರೆ ದೋಣಿ ಎದುರು ಮಾತಾಡುತ್ತಿರಲಿಲ್ಲ.

ಮೂವತ್ತೈದು ವರ್ಷ ಕಚೇರಿಯ ಕಡತಗಳ ಅಂಚಿನಲ್ಲಿ ಟಿಪ್ಪಣಿ ಬರೆದು ಬರೆದು ಆ ಹೆಸರು ಗಳಿಸಿದವರು ಅವರು. ನಿವೃತ್ತರಾದ ಮೇಲೆ ಕೆರೆಯ ದಂಡೆಗೆ ಮನೆ ಮಾಡಿ, ಒಂದು ನೀಲಿ ದೋಣಿ ತಂದು ಹಿತ್ತಲಿನ ಹಲಗೆಯ ಕಟ್ಟೆಗೆ ಕಟ್ಟಿದ್ದರು. ದಿನಾ ಬೆಳಿಗ್ಗೆ ಒಬ್ಬರೇ ಕೂತು ಹುಟ್ಟು ಹಾಕುತ್ತಿದ್ದರು. ದೋಣಿ ಇದ್ದಲ್ಲೇ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. (ಗಾಳಿ ಸರಿಯಿಲ್ಲ ಎಂಬುದು ರಾಯರ ಅಧಿಕೃತ ವಿವರಣೆ.) ಹೆಂಡತಿ ಮಾತ್ರ ಮೂರು ವರ್ಷವಾದರೂ ಅದನ್ನು ಹತ್ತಿರಲಿಲ್ಲ. ಕಟ್ಟೆಯಿಂದ ಎರಡಡಿ ಕೆಳಗೆ ದೋಣಿ ಓಲಾಡುತ್ತಿತ್ತು, ಆಕೆಗೆ ಮಂಡಿನೋವು.

ಒಂದು ದಿನ ದೋಣಿ ರಿಪೇರಿ ಮಾಡುವ ಫಿಟ್ಟರ್ ಬಂದು ದೋಣಿಯ ತಳ ಸವರಿ ನೋಡಿದ. ಅಂಗೈ ತುಂಬ ಪಾಚಿ, ಅದರ ಮೇಲೆ ನೀಲಿ ಬಣ್ಣದ ಚಕ್ಕೆ.

“ಸಾರ್, ಬಳಸದೇ ಇರೋವಾಗ ಇದನ್ನ ನೀರಿಂದ ಮೇಲೆತ್ತಿ ಇಡಬೇಕು. ಇಲ್ಲಾಂದ್ರೆ ಇನ್ನೊಂದು ವರ್ಷಕ್ಕೆ ತಳ ಕೈಗೆ ಬರುತ್ತೆ. ಒಂದು ಬೋಟ್ ಲಿಫ್ಟ್ ಹಾಕಿಸಿ.”

ರಾಯರ ಮುಖ ಅರಳಿತು. ನಿವೃತ್ತಿಯ ನಂತರ ಅವರ ಮುಂದೆ ಬಂದ ಮೊದಲ ಪ್ರಸ್ತಾವನೆ! ಅಂದೇ ಹೊಸ ಕಡತ ತೆರೆದು, ಆಯ್ಕೆ ಸಮಿತಿ ರಚಿಸಿದರು. ಅಧ್ಯಕ್ಷರು ತಾವು, ಸದಸ್ಯೆ ಹೆಂಡತಿ.

“ಯಂತ್ರ ಮೂರು ಬಗೆ,” ಎಂದು ಅಧ್ಯಕ್ಷರು ಊಟದ ಮೇಜಿನ ಮೇಲೆ ಪಟ್ಟಿ ಹರಡಿದರು. “ಮೊದಲನೇದು ಮೋಟಾರಿಂದು. ಗುಂಡಿ ಒತ್ತಿದರೆ ಏಳುತ್ತೆ. ಎರಡನೇದು ಗಾಳಿ ಡಬ್ಬಿದು. ಡಬ್ಬಿಗೆ ಗಾಳಿ ತುಂಬಿದರೆ ದೋಣಿ ಸಮೇತ ತೇಲುತ್ತೆ. ಮೂರನೇದು ಕೈಚಕ್ರದ್ದು. ಅದು ಮೈ ಬಗ್ಗಿಸಿ ತಿರುಗಿಸೋರಿಗೆ.”

“ಇವುಗಳಲ್ಲಿ ಕಟ್ಟೆಯ ಮಟ್ಟಕ್ಕೆ ಬಂದು ಅಲುಗಾಡದೆ ನಿಲ್ಲೋದು ಯಾವುದು?” ಎಂದಳು ಸದಸ್ಯೆ.

“ಯಾಕೆ?”

“ಸುಮ್ನೆ ಕೇಳಿದೆ.”

“ಇದು ದೋಣಿ ಎತ್ತೋ ಯಂತ್ರ ಕಣೇ, ಮನುಷ್ಯರನ್ನ ಎತ್ತೋದಲ್ಲ,” ಎಂದು ನಕ್ಕು ರಾಯರು ‘ಸದಸ್ಯರ ಪ್ರಶ್ನೆ ಅಪ್ರಸ್ತುತ’ ಎಂದು ಬರೆದುಕೊಂಡರು.

ಮರುದಿನ ನೀರಿನ ಆಳ ಅಳೆಯಲು ಹೊರಟರು. ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ದೋಣಿಯಲ್ಲಿ, ಕೈಯಲ್ಲಿ ಟೇಪು. ದೋಣಿ ಮೆಲ್ಲಗೆ ದೂರ ಸರಿಯತೊಡಗಿತು. ರಾಯರು ಸಾಧ್ಯವಾದಷ್ಟು ಹೊತ್ತು ಎರಡೂ ಪಕ್ಷಗಳನ್ನು ಒಟ್ಟಿಗೆ ಇಟ್ಟುಕೊಳ್ಳಲು ನೋಡಿ, ಕೊನೆಗೆ ನಡುವೆ ಇಳಿದರು. ಕಡತದಲ್ಲಿ ‘ಆಳ: ಅಧ್ಯಕ್ಷರ ಎದೆಮಟ್ಟ’ ಎಂದು ದಾಖಲಾಯಿತು.

“ಇಷ್ಟು ನೀರಿಗೆ ಗಾಳಿ ಡಬ್ಬಿ ಆಗಲ್ಲ ಸಾರ್,” ಎಂದ ಫಿಟ್ಟರ್. “ಬೇಸಿಗೇಲಿ ಕೆಸರಲ್ಲಿ ಕೂತುಬಿಡುತ್ತೆ. ಮೋಟಾರಿಂದು ಹಾಕಿಸಿ. ಮನೆಯಿಂದ ಕರೆಂಟು ಎಳೀಬೇಕು ಅಷ್ಟೆ.”

“ನೀರಿನ ಹತ್ತಿರಾನಾ?”

“ನೀರಿನ ಪಕ್ಕಾನೇ.”

ಬಲ್ಬು ಬದಲಾಯಿಸುವಾಗಲೂ ರಬ್ಬರ್ ಚಪ್ಪಲಿ ಹಾಕಿ, ಬಾಯಲ್ಲಿ ಟಾರ್ಚು ಕಚ್ಚಿಕೊಳ್ಳುವ ರಾಯರು ಗಂಟಲು ಸರಿಮಾಡಿಕೊಂಡರು. “ನೋಡಪ್ಪಾ, ದೀರ್ಘ ಪರಿಶೀಲನೆಯ ನಂತರ ಸಮಿತಿ ಕೈಚಕ್ರದ ಯಂತ್ರವನ್ನೇ ಅನುಮೋದಿಸಿದೆ. ದೇಹಕ್ಕೂ ವ್ಯಾಯಾಮ.”

“ಒಳ್ಳೇದೇ ಸಾರ್. ಅದು ಯಾವ ಮಟ್ಟಕ್ಕೆ ಬೇಕಾದ್ರೂ ನಿಲ್ಲುತ್ತೆ. ಕಲ್ಲಿನ ಹಾಗೆ.”

ಅಡುಗೆಮನೆಯ ಕಿಟಕಿಯಲ್ಲಿ ಸದಸ್ಯೆಯ ಮುಖ ಒಂದು ಕ್ಷಣ ಕಂಡು ಮರೆಯಾಯಿತು.

ಎಂಟು ದಿನದಲ್ಲಿ ನಾಲ್ಕು ಕಂಬ ನೆಟ್ಟು, ತಂತಿಹಗ್ಗ ಕಟ್ಟಿ, ಚಕ್ರ ಕೂರಿಸಿದ್ದಾಯಿತು. ಉದ್ಘಾಟನೆ ನೋಡಲು ಪಕ್ಕದ ಮನೆಯ ಟೈಲರಮ್ಮ ಕೂಡ ಹೊಲಿಗೆ ಬಿಟ್ಟು ಬಂದಳು. ರಾಯರು ತೋಳು ಮಡಚಿ ಚಕ್ರ ತಿರುಗಿಸಿದರು. ದೋಣಿ ನೀರು ಸುರಿಸುತ್ತ ಗಜಗಾಂಭೀರ್ಯದಿಂದ ಮೇಲೆದ್ದು, ಕಟ್ಟೆಯ ಮಟ್ಟಕ್ಕೆ ಬಂತು.

“ಅಲ್ಲೇ ನಿಲ್ಲಿಸಿ,” ಎಂದಳು ಹೆಂಡತಿ.

ರಾಯರು ನಿಲ್ಲಿಸಿದರು. ಆಕೆ ಹೊಸ್ತಿಲು ದಾಟುವಷ್ಟೇ ಸಲೀಸಾಗಿ ದೋಣಿಯೊಳಗೆ ಕಾಲಿಟ್ಟು ಕೂತಳು. ಟೈಲರಮ್ಮನನ್ನೂ ಕೈಹಿಡಿದು ಎದುರಿಗೆ ಕೂರಿಸಿಕೊಂಡಳು.

“ಏನಿದು?” ಎಂದರು ರಾಯರು.

“ಇಳಿಸಿ ಈಗ. ಮೆಲ್ಲಗೆ.”

“ಇಳಿಸ್ತೀನಿ. ಆದರೆ ಹುಟ್ಟು ಹಾಕೋರು ಯಾರು? ನಾನು ಬರಬೇಕಲ್ಲ!”

“ನೀವು ಬಂದ್ರೆ ಚಕ್ರ ಯಾರು ತಿರುಗಿಸ್ತಾರೆ?”

ನ್ಯಾಯವಾದ ಪ್ರಶ್ನೆ. ಅಪ್ರಸ್ತುತ ಎಂದು ಬರೆಯಲು ಕೈಯಲ್ಲಿ ಪೆನ್ನೂ ಇರಲಿಲ್ಲ, ಎರಡೂ ಕೈ ಚಕ್ರದ ಮೇಲಿದ್ದವು. ರಾಯರು ಇಳಿಸಿದರು. ದೋಣಿ ನೀರು ಮುಟ್ಟಿತು. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡು ಹುಟ್ಟನ್ನೂ ಒಮ್ಮೆಗೇ ನೀರಿಗೆ ಹಾಕಿ ಎಳೆದಳು. ದೋಣಿ ಒಂದು ಸುತ್ತೂ ಸುತ್ತದೆ, ಗೆರೆ ಎಳೆದ ಹಾಗೆ ನೇರವಾಗಿ ಹೊರಟಿತು.

“ಇದನ್ನೆಲ್ಲ ಯಾವಾಗ ಕಲಿತೆ?” ಎಂದು ರಾಯರು ಕೂಗಿದರು.

“ನನ್ನ ತವರು ಹೊಳೆಯಾಚೆ ಇತ್ತಲ್ರೀ! ಸ್ಕೂಲಿಗೆ ದಿನಾ ನಾನೇ ದೋಣಿ ನಡೆಸ್ಕೊಂಡು ಹೋಗ್ತಿದ್ದೆ!”

“ಮೂವತ್ತು ವರ್ಷದಲ್ಲಿ ಒಂದು ದಿನಾನೂ ಹೇಳಲಿಲ್ಲ?”

“ನೀವು ಯಾವತ್ತು ಕೇಳಿದ್ರಿ?”

ದೂರದಲ್ಲಿ ಹೆಂಡತಿ ನಗುತ್ತಿದ್ದಳು. ಅಷ್ಟು ಗಟ್ಟಿಯಾಗಿ ಆಕೆ ನಕ್ಕದ್ದು ಅವರು ಕೇಳಿ ಎಷ್ಟೋ ಕಾಲವಾಗಿತ್ತು. ಸಿಟ್ಟು ಮಾಡಿಕೊಳ್ಳಬೇಕೆಂದು ಹೊರಟವರು ಅದನ್ನು ಮರೆತು ನಿಂತರು.

“ಸಾರ್, ಅವರು ತಿರುಗಿ ಬರೋವರೆಗೆ ಇಲ್ಲೇ ಇರಿ,” ಎಂದು ಫಿಟ್ಟರ್ ಸಾಮಾನು ಚೀಲಕ್ಕೆ ತುಂಬಿಕೊಂಡ. “ಮೇಲೆತ್ತದೆ ಅಮ್ಮನಿಗೆ ಇಳಿಯೋಕಾಗಲ್ಲ.”

“ಎಷ್ಟು ಹೊತ್ತಿಗೆ ಬರ್ತೀಯೇ?” ಎಂದು ರಾಯರು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು.

ಕೆರೆಯ ನಡುವಿನಿಂದ ಉತ್ತರ ಸ್ಪಷ್ಟವಾಗಿ ತೇಲಿಬಂತು:

“ನಿಧಾನವಾಗಿ ಬರ್ತೀವಿ! ಒಲೆ ಮೇಲೆ ಅನ್ನಕ್ಕಿಟ್ಟಿದ್ದೀನಿ, ಮೂರು ಸಲ ಕೂಗಿದ ಮೇಲೆ ಆರಿಸಿಬಿಡಿ!”

ಮನೆಯೊಳಗೆ ಕುಕ್ಕರ್ ಐದನೇ ಸಲ ಕೂಗುತ್ತಿತ್ತು. ಆಯ್ಕೆ ಸಮಿತಿಯ ಅಧ್ಯಕ್ಷರು ಅಡುಗೆಮನೆಯ ಕಡೆಗೆ ಓಡಿದರು.